ಆಯಿಗೆ ಹೇಳಬ್ಯಾಡ

ಇವತ್ತು ಬೆಳಿಗ್ಗೆ ಬಾಯಿಗೆ ಸೆರಗು ಕಟ್ಟಿಕೊಂಡು, ಕೈಯಲ್ಲಿ ಸಕ್ಕರೆ ಡಬ್ಬಿ ಹಿಡಿದು, ನಮ್ಮ ಓಣಿಯ ಮನೆಮನೆಗೂ ಹೋಗಿಬಂದೆ. ರೋಗದ ಕಾಲ, ಯಾರೂ ಯಾರ ಹೊಸ್ತಿಲನ್ನೂ ದಾಟುವ ಹಾಗಿಲ್ಲ. ಅದಕ್ಕೇ ಬಾಗಿಲಲ್ಲೇ ನಿಂತು ಒಂದೊಂದು ಚಮಚೆ ಸಕ್ಕರೆಯನ್ನು ಅವರ ಅಂಗೈಗೆ ಮೇಲಿನಿಂದಲೇ ಸುರುವಿದೆ.

"ಏನ್ರೀ ಆಯಿ, ಮೊಮ್ಮಗ ಹುಟ್ಟಿದನೇನು?" ಎದುರು ಮನೆಯಾಕೆ ಕೇಳಿದಳು.

"ಅದಕ್ಕಿಂತ ದೊಡ್ಡದು ಆಗೈತಿ. ನಮ್ಮ ಭೂಮಿ ಇಂಗ್ಲಿಷಿನ್ಯಾಗ ಜಗಳಾ ತಗದಾಳ!"

ಆಕೆ ಸಕ್ಕರೆ ಬಾಯಿಗೆ ಹಾಕಿಕೊಳ್ಳುವುದನ್ನೂ ಮರೆತು ನನ್ನ ಮುಖ ನೋಡಿದಳು. ನೋಡಲಿ. ಎಂಟು ವರ್ಷದ ಹುಡುಗಿ ಇಂಗ್ಲಿಷಿನಲ್ಲಿ ಪದ್ಯ ಹೇಳಿದರೆ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ಜಗಳ ತೆಗೆದರೆ ಸಕ್ಕರೆ ಹಂಚುವಾಕೆ ನಾನೊಬ್ಬಳೇ ಇದ್ದೇನು.

ಆದದ್ದಿಷ್ಟು. ಸಾಲೆ ಮುಚ್ಚಿ ಭಾಳ ದಿನ ಆಯಿತು. ನನ್ನ ಮೊಮ್ಮಗಳು ಭೂಮಿಕಾಳ ಪಾಠವೆಲ್ಲ ಮಗನ ಮೊಬೈಲಿನಲ್ಲೇ. ಇಂಗ್ಲಿಷ್ ಕಲಿಸುವ ಮಿಸ್ ಮುದ್ದೇಬಿಹಾಳದಲ್ಲಿ ತಮ್ಮ ಮನೆಯಲ್ಲಿ ಕೂತಿರುತ್ತಾರೆ, ನಮ್ಮಾಕಿ ಇಂಡಿ ಊರಿನ ನಮ್ಮ ಪಡಸಾಲೆಯಲ್ಲಿ, ಉಳಿದ ಹುಡುಗರು ಒಬ್ಬ ಸಿಂದಗಿ, ಒಬ್ಬಳು ತಾಳಿಕೋಟಿ. ನಾನು ಆಕೆಯ ಬೆನ್ನ ಹಿಂದೆ ಮೆಂತೆಪಲ್ಲೆ ಸೋಸುತ್ತ ಕೂಡುವುದು. ಆ ಮಿಸ್ಸಿನ ಪಾಠ ನನಗೆ ಭಾಳ ಸೇರಿತು. ವ್ಯಾಕರಣ ಇಲ್ಲ, ಅರ್ಥ ಬರೆಸುವುದಿಲ್ಲ. ಒಂದು ಬದನೆಕಾಯಿ ಎತ್ತಿ ಹಿಡಿದು ಅದರ ಹೆಸರು ಹೇಳುವುದು, ಕೊಯ್ಯುವುದು, ಹುಳ ಕಂಡವರ ಹಾಗೆ ಚೀರುವುದು, ಎಸೆಯುವುದು, ಎಲ್ಲ ಇಂಗ್ಲಿಷಿನಲ್ಲೇ. ಮೊದಲ ಎರಡು ತಿಂಗಳು ಹುಡುಗರಿಗೆ ಬಾಯಿ ತೆಗೆಯಿರಿ ಅನ್ನಲೇ ಇಲ್ಲ. ಬಾಯಿ ತೆಗೆದವಳು ನಾನು. "ಬ್ರಿಂಜಾಲ್!" ಅಂತ ನಾನು ಕೂಗಿದ್ದು ಮುದ್ದೇಬಿಹಾಳದ ತನಕ ಕೇಳಿ ಆ ಮಿಸ್ ಕನ್ನಡಕ್ಕೇ ಇಳಿದುಬಿಟ್ಟರು.

"ಹಿಂದ ಯಾರದು, ನನಗಿಂತ ಜೋರ ಪಾಠ ಮಾಡಾಕತ್ತಾರಲ್ಲ?"

"ನಮ್ಮ ಆಯಿ ರೀ ಮಿಸ್. ಮೂರನೇತ್ತಾ ಪಾಸ್ ಆಗ್ಯಾರ್ರಿ."

"ಅವರಿಗೂ ಹಾಜರಿ ಹಾಕಲೇನು?"

ಇವತ್ತು ಬೆಳಿಗ್ಗೆ ನಮ್ಮಾಕೆಯ ಪಾಳಿ ಬಂದಾಗ ಸಿಂದಗಿಯ ಹುಡುಗ ನಡುವೆ ಬಾಯಿ ಹಾಕಿ ಉತ್ತರ ಹೇಳಿಬಿಟ್ಟ. ಭೂಮಿ ಎದ್ದು ನಿಂತು, ಮೊಬೈಲಿಗೆ ಬೆರಳು ತೋರಿಸಿ, "ನೋ! ಮೈ ಟರ್ನ್! ಯು ಆಲ್ವೇಸ್ ಈಟ್ ಮೈ ಟರ್ನ್!" ಅಂದಳು. ನನ್ನ ಮಗ ಹೊಟ್ಟೆ ಹಿಡಿದು ನಕ್ಕ. ಪಾಳಿಯನ್ನು ತಿನ್ನುತ್ತಾರೇನು ಅಂತ. ತಿಂದರೆ ತಿನ್ನಲಿ ಬಿಡ್ರಿ! ಸಿಟ್ಟು ನೆತ್ತಿಗೇರಿದ ಹೊತ್ತಿನಲ್ಲಿ ಕನ್ನಡ ಬಿಟ್ಟು ಅದೇ ಮಾತು ಬಂತಲ್ಲ.

"ಅವ್ವಾ, ಇದು ಹೊಸಾ ಪದ್ಧತಿ. ದೊಡ್ಡ ದೊಡ್ಡ ಮಂದಿ ಕೂತು ವಿಚಾರ ಮಾಡಿ ಕಂಡುಹಿಡಿದಾರ," ಅಂದ ಮಗ.

ಹೊಸಾ ಪದ್ಧತಿ! ನಾನು ಮೆಂತೆಕಡ್ಡಿಯನ್ನು ಅವನ ಮೇಲೆ ಎಸೆದೆ. ಈ ಪದ್ಧತಿಯಲ್ಲಿ ನಾನು ಕಲಿತು ಅರವತ್ತು ವರ್ಷದ ಮೇಲಾಯಿತು. ನನಗೂ ಪಾಠ ದೂರದಿಂದಲೇ ಬರುತ್ತಿತ್ತು. ಮೊಬೈಲಿನ ಬದಲು ಬಳೆಗಾರ್ತಿ ಹುಸೇನಬಿಯ ಸೊಂಟದ ಗಂಟಿನಲ್ಲಿ ಬರುತ್ತಿತ್ತು, ಅಷ್ಟೇ. ಮತ್ತೆ ಮೊಮ್ಮಗಳು ಮಿಸ್ಸಿಗೆ ಹೇಳಿದಳಲ್ಲ, 'ನಮ್ಮ ಆಯಿ' ಅಂತ, ಆ ಎರಡಕ್ಷರ ನನ್ನನ್ನು ಎಂಥ ಪಜೀತಿಗೆ ಹಾಕಿತ್ತು ಅನ್ನುವುದು ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಿಮಗೆ ಹೇಳುತ್ತೇನೆ.

ನನ್ನ ತವರು ಗೊಳಸಂಗಿ, ಬಸವನ ಬಾಗೇವಾಡಿ ತಾಲೂಕು. ಅಲ್ಲಿ ಸಾಲೆಗೆ ಹೋದದ್ದು ಮೂರು ವರ್ಷ. ಮೂರನೆಯ ವರ್ಷ ತಮ್ಮ ಹುಟ್ಟಿದ, ನನ್ನ ಕೈಗೆ ಪಾಟಿಯ ಬದಲು ತೊಟ್ಟಿಲ ಹಗ್ಗ ಬಂತು. ಆದರೂ ಓದುವ ಚಟ ಹೋಗಲಿಲ್ಲ. ಅಂಗಡಿಯಿಂದ ಬೆಲ್ಲ ಕಟ್ಟಿಕೊಟ್ಟ ಕಾಗದ ಬಿಚ್ಚಿ, ಅಂಟು ನೆಕ್ಕಿ, ಆಮೇಲೆ ಓದುತ್ತಿದ್ದೆ. ಹೀಗಾಗಿ ನನ್ನ ವಿದ್ಯೆಗೆಲ್ಲ ತುಸು ಸಿಹಿ ಜಾಸ್ತಿ. ಅಪ್ಪ ಹೊಲದಲ್ಲಿ ಸೀತನಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ ಕೊಡುತ್ತಿದ್ದ ಬಿಸಿ ಜೋಳದ ಕಾಳಿನ ರುಚಿ ಇವತ್ತಿಗೂ ನಾಲಗೆ ಮೇಲೆ ಇದೆ. ಹಲ್ಲು ಹೋದವು, ರುಚಿ ಹೋಗಲಿಲ್ಲ.

ನಮ್ಮ ಊರಲ್ಲಿ ಮರಾಠಿ ಅನ್ನುವುದು ಕಚೇರಿಯ ಹಳೆಯ ಕಾಗದದಲ್ಲಿ ಮಾತ್ರ ಇತ್ತು. ಜಿಲ್ಲೆ ಮುಂಬೈ ಸರಕಾರ ಬಿಟ್ಟು ಮೈಸೂರಿಗೆ ಸೇರಿದ ಮೇಲೆ ಆ ಕಾಗದಗಳನ್ನೂ ಯಾರೂ ಬಿಚ್ಚುತ್ತಿರಲಿಲ್ಲ. ಅಂಥಾದ್ದರಲ್ಲಿ ನನಗೆ ಇಂಡಿಯ ವರ ಗೊತ್ತಾಯಿತು. ನಮ್ಮ ಮಂದಿಯೇ, ಆದರೆ ಮನೆಮಾತು ಮರಾಠಿ. ಮಾವನವರು ಪಂಢರಾಪುರದ ಕಡೆಯವರು, ಇಂಡಿಯ ಹತ್ತಿ ಜಿನ್ನಿನಲ್ಲಿ ಫಿಟರ್ ಕೆಲಸಕ್ಕೆ ಬಂದು ನೆಲೆ ನಿಂತವರು. ನಮ್ಮವರಿಗೆ ಎರಡೂ ಮಾತು ಬರುತ್ತಿತ್ತು. ಅತ್ತೆಗೆ ಮಾತ್ರ ಕನ್ನಡ ಬರುತ್ತಿರಲಿಲ್ಲ. ಇಂಡಿ ಬಜಾರದಲ್ಲಿ ಕಾಯಿಪಲ್ಲೆಯವರಿಂದ ಹಿಡಿದು ಕಲಾಯಿಯವನ ತನಕ ಎಲ್ಲರಿಗೂ ಮರಾಠಿ ಬರುತ್ತಿತ್ತು, ಆಕೆಗೆ ಕನ್ನಡ ಯಾಕೆ ಬೇಕು?

ಮದುವೆಯ ದಿನ ಉಡಿ ತುಂಬಿಸಿಕೊಂಡು ಕೂತಿದ್ದೆ. ಅತ್ತೆ ಎದುರು ಬಂದು ಕೂತು, ನನ್ನ ಗದ್ದ ಎತ್ತಿ, "ನಾವ ಕಾಯ ಗ ತುಝಂ?" ಅಂದಳು. ನಿನ್ನ ಹೆಸರೇನೇ ಅಂತ. ಅದು ನನಗೆ ಹೇಗೆ ತಿಳಿಯಬೇಕು? ಕಿವಿಗೆ ಬಿದ್ದದ್ದು 'ಕಾಯಿ' ಒಂದೇ. ಉಡಿಯೊಳಗಿನ ತೆಂಗಿನಕಾಯಿ ತೆಗೆದು ಆಕೆಯ ಕೈಯಲ್ಲಿ ಇಟ್ಟೆ. ಆಕೆ ಮತ್ತೆ ಕೇಳಿದಳು, "ಕಾಯ?" ನಾನು ಎರಡನೆಯ ಕಾಯಿಯನ್ನೂ ಕೊಟ್ಟೆ. ಆಗ ಆಕೆ ತನ್ನ ಕಡೆಯ ಹೆಂಗಸರ ಕಡೆ ತಿರುಗಿ, ಎರಡೂ ಕೈಯಲ್ಲಿ ಎರಡು ಕಾಯಿ ಹಿಡಿದುಕೊಂಡು, "ಮುಕೀ ಸೂನ ಆಣಲೀ ಗ ಬಾಈ!" ಅಂದಳು. ಅವರೆಲ್ಲ ನಕ್ಕರು.

ಸೂನ ಅಂದರೆ ಸೊಸೆ ಅಂತ ಆಮೇಲೆ ತಿಳಿಯಿತು. ಆದರೆ 'ಮುಕೀ' ಅನ್ನುವುದಕ್ಕೆ ಯಾರ ಅರ್ಥವೂ ಬೇಕಾಗಲಿಲ್ಲ. ಗೊಳಸಂಗಿಯಲ್ಲೂ ಅದು ಅದೇ.

ಎಮ್ಮೆ ಕಟ್ಟುವ ಜಾಗಕ್ಕೆ ಹೋಗಿ ಅಳುತ್ತ ಕೂತೆ. ಅವ್ವ ಹುಡುಕಿಕೊಂಡು ಬಂದಳು.

"ಏನಾತs ಸಂಗವ್ವ? ಯಾರರೆ ಏನರೆ ಅಂದರೇನು?"

"ಮೂಕಿ ಅಂದಳವ್ವಾ. ನಾ ಊರಿಗೆಲ್ಲಾ ವಾಚಾಳಿ, ಅಲ್ಲಿ ಮೂಕಿ ಆಗಿ ಇರಬೇಕೇನು ಸಾಯೂತನಕ?"

ಅವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು. "ಇನ್ನೂ ವರ್ಷ ಐತಿ. ವರ್ಷದಾಗ ಹಸುಗೂಸ ಸುದ್ದಾ ಅವ್ವಾ ಅಂತಾವ," ಅಂದಳು. ನಾನು ಸಣ್ಣಾಕಿ ಅಂತ ಒಂದು ವರ್ಷ ತವರಲ್ಲಿ ಇರಿಸಿ, ಮುಂದಿನ ಸುಗ್ಗಿಯ ಮೇಲೆ ಕರೆದೊಯ್ಯುವುದೆಂದು ಹಿರಿಯರು ಮಾತಾಡಿದ್ದರು. ಆ ವರ್ಷದೊಳಗೆ ನನಗೆ ಬಾಯಿ ಬರಬೇಕಿತ್ತು.

ಅಪ್ಪ ಬಾಗೇವಾಡಿ ಸಂತೆಯಲ್ಲಿ ಯಾರೋ ಮಾರಿದ ಹಳೆಯ ಮರಾಠಿ ಪುಸ್ತಕ ತಂದ. ಸಾಲೆಯ ಮಾಸ್ತರರು ಅದರ ಮೊದಲ ಹಾಳೆಯನ್ನು ನನಗೆ ಬಾಯಿಪಾಠ ಮಾಡಿಸಿದರು. ಮೀ ಆಹೇ, ಆಮ್ಹೀ ಆಹೋತ, ತೂ ಆಹೇಸ. ನಾನು ಇದ್ದೇನೆ, ನಾವು ಇದ್ದೇವೆ, ನೀನು ಇದ್ದೀ. ಕರುವಿನ ಮುಂದೆ ಹೇಳಿದೆ, ಕೋಳಿಯ ಮುಂದೆ ಹೇಳಿದೆ. ಎಲ್ಲರೂ ಇದ್ದೇವೆ, ಸರಿ. ಇದ್ದು ಏನು ಮಾಡಬೇಕು ಅನ್ನುವುದು ಆ ಪುಸ್ತಕದಲ್ಲಿ ಇರಲಿಲ್ಲ.

ಅಷ್ಟರಲ್ಲಿ ಹುಸೇನಬಿ ಚಿಗವ್ವ ಬಂದಳು. ಆಕೆ ಬಾಗೇವಾಡಿಯ ಬಳೆಗಾರ್ತಿ. ಮಗಳನ್ನು ಇಂಡಿಗೆ ಕೊಟ್ಟಿದ್ದರಿಂದ ತಿಂಗಳಿಗೊಮ್ಮೆ ಆ ಕಡೆ ಹೋಗುವಾಕೆ. ರೈಲಿನಲ್ಲಿ ಇಂಡಿ ರೋಡ ಟೇಶನ್ ತನಕ, ಅಲ್ಲಿಂದ ಸಿಕ್ಕ ಚಕ್ಕಡಿಯಲ್ಲಿ ಊರಿಗೆ. ಎಲ್ಲಿ ಹೋದರೂ ಅಲ್ಲಿಯ ಹೆಂಗಸರ ದನಿಯನ್ನು ಹೊತ್ತು ತಂದು ಇನ್ನೊಂದು ಊರಲ್ಲಿ ಆಡಿ ತೋರಿಸುವಳು. ಗೌಡತಿ ಕೆಮ್ಮುವುದು, ಮಾಸ್ತರರ ಹೆಂಡತಿ ಮೂಗಿನಲ್ಲಿ ಮಾತಾಡುವುದು, ಎಲ್ಲ ಇದ್ದಕ್ಕಿದ್ದ ಹಾಗೆ. ಆ ದಿನ ನಮ್ಮ ಕಟ್ಟೆಯ ಮೇಲೆ ಬಳೆಯ ಸರ ಇಳಿಸಿ, ಸೊಂಟದ ಗಂಟು ಬಿಚ್ಚಿ, ಒಂದು ಚೂರು ಬೆಲ್ಲ ತೆಗೆದಳು.

"ಬಾಯಿ ತಗಿ."

ತಿಂದೆ. ಆಕೆ ಕಣ್ಣು ಮುಚ್ಚಿ, ತನ್ನ ದೊಡ್ಡ ಗಂಟಲನ್ನು ಸಣ್ಣ ಮಾಡಿ, ಬೇರೆ ಯಾರೋ ಹೆಂಗಸಿನ ಮೆತ್ತನೆಯ ದನಿಯಲ್ಲಿ ಅಂದಳು, "ಹಾ ಗೂಳ. ಗೂಳ ಗೋಡ ಆಹೇ."

"ಏನs ಚಿಗವ್ವ ಇದು?"

"ನಿನ್ನ ಗಂಡನ ಮನಿಯಿಂದ ಬಂದೈತಿ. ತಾಯಿ ಕೊಟ್ಟಾಳ. ಅರ್ಥಾ ಹೇಳಬ್ಯಾಡ, ಬಾಯಿ ಬಿಡಿಸಬ್ಯಾಡ, ತಿನ್ನಲಿ, ಕೇಳಲಿ ಅಂದಾಳ." ಆಮೇಲೆ ಅತ್ತಿತ್ತ ನೋಡಿ, ಮತ್ತೆ ಆ ಮೆತ್ತನೆಯ ದನಿಯಲ್ಲಿ, "ಆಯೀಲಾ ಸಾಂಗೂ ನಕೋ." ಇದಕ್ಕೆ ಮಾತ್ರ ತಾನೇ ಕನ್ನಡದಲ್ಲಿ ಅರ್ಥ ಹೇಳಿದಳು, "ಆಯಿಗೆ ಹೇಳಬ್ಯಾಡ ಅಂತ. ಗೊತ್ತಾದರ ಮನಿ ಮ್ಯಾಲೆ ಮನಿ ಬೀಳತೈತಿ."

ನೀವೇ ಹೇಳ್ರಿ, ಇದನ್ನು ಕೇಳಿದ ಗೊಳಸಂಗಿಯ ಹುಡುಗಿಗೆ ಏನು ಅನ್ನಿಸಬೇಕು? ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ತಾಯಿ ಅಂದರೆ ತಾಯಿ. ಅಂದರೆ ಗಂಡನ ತಾಯಿ, ನನ್ನ ಅತ್ತೆ, ಮೂಕಿ ಅಂದದ್ದಕ್ಕೆ ಮನಸ್ಸು ಕರಗಿ ಬೆಲ್ಲ ಕಳಿಸಿದ್ದಾಳೆ. ಆಕೆಗೂ ಮೇಲೊಬ್ಬ ಮುದಿ ಅತ್ತೆ ಇದ್ದಾಳೆ, ಆ ಆಯಿಗೆ ಹೆದರಿ ಕದ್ದು ಕಳಿಸಿದ್ದಾಳೆ. ಅವ್ವನೂ ಹಾಗೇ ತಿಳಿದಳು.

"ಲಗ್ನಕ್ಕ ಮುದುಕಿ ಬಂದಿದ್ದಿಲ್ಲ. ಗಾಡಿ ಪ್ರಯಾಣ ಆಗಿರಲಿಕ್ಕಿಲ್ಲ," ಅಂದಳು. "ಪಾಪ, ನಿಮ್ಮತ್ತಿಗೆ ಮಕ್ಕಳ ಲಗ್ನ ಆದರೂ ಸೊಸಿತನ ತಪ್ಪಿಲ್ಲ ನೋಡು."

ನನಗೆ ಅತ್ತೆಯ ಮೇಲೆ ಅವತ್ತೇ ಜೀವ ಬಂತು.

ಮುಂದಿನ ತಿಂಗಳು ಬೇವಿನೆಲೆ ಬಂತು. "ಹಾ ಕಡೂಲಿಂಬ. ಕಡೂ ಆಹೇ. ಗೋಡ ನಾಹೀ." ಆಮೇಲೆ ಉಪ್ಪು, ಆಮೇಲೆ ಒಣ ಮೆಣಸಿನಕಾಯಿ. ಮೆಣಸಿನಕಾಯಿಯ ಪಾಠದ ದಿನ ನಾನು ತಂಬಿಗೆ ನೀರು ಕುಡಿದೆ, 'ತಿಖಟ' ಅನ್ನುವ ಮಾತನ್ನು ಈ ಜನ್ಮದಲ್ಲಿ ಮರೆಯುವಂತಿಲ್ಲ. ನಾಲಗೆಗೆ ಮಾತು ಕಲಿಸಬೇಕಾದರೆ ನಾಲಗೆಯ ಮೇಲೇ ಇಡಬೇಕು ಅನ್ನುವುದು ಆ ಪುಣ್ಯಾತ್ಗಿತ್ತಿಗೆ ಯಾರು ಹೇಳಿಕೊಟ್ಟಿದ್ದರೋ. ಸಾಮಾನು ಮುಗಿದ ಮೇಲೆ ಕೆಲಸಗಳು ಬಂದವು. ಹುಸೇನಬಿ ಕೈ ತಿರುವಿ, ಮೈ ಬಗ್ಗಿಸಿ ಆಡಿ ತೋರಿಸುವಳು. "ಆಯಿ ದಳತೇ." ಆಯಿ ಬೀಸುತ್ತಾಳೆ. "ಆಯಿ ಓರಡತೇ." ಆಯಿ ಚೀರುತ್ತಾಳೆ. "ತಾಯಿ ಪಾಣೀ ಭರತೇ." ತಾಯಿ ನೀರು ತರುತ್ತಾಳೆ. ಕೊನೆಗೆ ಪ್ರತಿ ಸಲವೂ ತುಟಿಯ ಮೇಲೆ ಬೆರಳಿಟ್ಟು, "ಮೀ ಆಯೀಲಾ ಸಾಂಗಣಾರ ನಾಹೀ." ನಾನು ಆಯಿಗೆ ಹೇಳುವುದಿಲ್ಲ.

ನಾನು ಬೆರಗಾಗುತ್ತಿದ್ದೆ. ಎಂಥ ಗಟ್ಟಿ ಮುದುಕಿ! ಈ ವಯಸ್ಸಿನಲ್ಲೂ ಬೀಸುತ್ತಾಳೆ, ಮೇಲೆ ಚೀರುವುದಕ್ಕೂ ಉಸಿರು ಉಳಿದಿದೆ.

ತಪ್ಪು ಮಾಡಲಿಲ್ಲ ಅಂತಲ್ಲ. ಒಮ್ಮೆ ಹುಸೇನಬಿ ಕಟ್ಟೆಯ ಮೇಲೆ ಕೂತ ನನ್ನ ಎದುರು ನಿಂತು, ಎರಡೂ ಕೈ ಮೇಲೆತ್ತಿ, "ಊಠ! ಊಠ!" ಅಂದಳು. ನಾನು ಒಳಗೆ ಕೂಗಿದೆ.

"ಅವ್ವಾ, ಚಿಗವ್ವಗ ಹಸಿವಾಗೈತಿ. ಎರಡು ಸಲ ಊಟಾ ಕೇಳಿದಳು!"

ಅವ್ವ ರೊಟ್ಟಿ, ಬದನೆಕಾಯಿ ಪಲ್ಲೆ ತಂದು ಮುಂದಿಟ್ಟಳು. ಹುಸೇನಬಿ ನನ್ನನ್ನು ನೋಡಿದಳು, ರೊಟ್ಟಿಯನ್ನು ನೋಡಿದಳು. 'ಊಠ' ಅಂದರೆ 'ಏಳು' ಅಂತ ಆಕೆ ಹೇಳಿದ್ದು ಉಂಡು, ನೀರು ಕುಡಿದು, ಎಲೆಅಡಿಕೆ ಹಾಕಿಕೊಂಡ ಮೇಲೆ.

ಇನ್ನೊಮ್ಮೆ ಬಂದ ಪಾಠ, "ಪಾಣೀ ನಾಹೀ. ಫಾರ ಹಾಲ." ನೀರಿಲ್ಲ, ಭಾಳ ತ್ರಾಸು ಅಂತ ಅದರ ಅರ್ಥ. ನನಗೆ ಪಾಣೀ ನಾಹೀ ತಿಳಿಯಿತು, ಫಾರ ತಿಳಿಯಿತು. ಹಾಲು ಗೊತ್ತೇ ಇತ್ತಲ್ಲ! ನೀರಿಲ್ಲ, ಹಾಲು ಭಾಳ ಐತಿ. ಓಡಿ ಹೋಗಿ ಹೊಲದಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ಮುಂಡಾಸ ತೆಗೆದು ತಲೆ ತುರಿಸಿಕೊಂಡ.

"ಭಾಳ ದೊಡ್ಡ ಮನಿಗೆ ಕೊಟ್ಟೇವಿ ಬಿಡವ್ವ. ನೀರು ತೀರಿದರ ಹಾಲು ಕುಡಿಯೂ ಮಂದಿ."

ಹೀಗೆ ಎಂಟು ತಿಂಗಳು. ನಾನು ಕೇಳಿದೆ, ತಿಂದೆ, ನೋಡಿದೆ, ಬಾಯಿ ಮಾತ್ರ ತೆಗೆಯಲಿಲ್ಲ. ಒಳಗೊಳಗೇ ಹೆದರಿಕೆ ಶುರುವಾಯಿತು. ಸುಗ್ಗಿ ಹತ್ತಿರ ಬಂತು. ಎಲ್ಲ ತಿಳಿಯುತ್ತದೆ, ಒಂದೂ ಬರುವುದಿಲ್ಲ. ಅತ್ತೆ ಹೇಳಿದ್ದೇ ಖರೆ ಆಗುತ್ತದೇನೋ, ಇಷ್ಟು ಬೆಲ್ಲ ತಿಂದೂ ಮೂಕಿಯಾಗಿಯೇ ಹೋಗುತ್ತೇನೇನೋ ಅಂತ.

ಒಂದು ದಿನ ಅಂಗಳದಲ್ಲಿ ಸಂಡಿಗೆ ಒಣಹಾಕಿ, ಹುಸೇನಬಿಗೆ ಕೈ ಕೊಟ್ಟು ಬಳೆ ಏರಿಸಿಕೊಳ್ಳುತ್ತಿದ್ದೆ. ಕೆಂಪು ಹುಂಜ ಬಂದು ಸಂಡಿಗೆಯ ನಡುವೆ ನಿಂತು, ನನ್ನ ಕಡೆ ನೋಡುತ್ತಲೇ ಒಂದೊಂದಾಗಿ ಕುಕ್ಕತೊಡಗಿತು. ನನ್ನ ಕೈ ಬಿಡಿಸಿಕೊಳ್ಳುವಂತಿಲ್ಲ, ಬಳೆ ಅರ್ಧಕ್ಕೆ ನಿಂತಿದೆ. ಸಿಟ್ಟು ಉಕ್ಕಿ ಬಂತು.

"ಜಾ! ಜಾ ಇಥೂನ! ಮೇಲ್ಯಾ, ಖಾಊ ನಕೋ!"

ಹೋಗು ಇಲ್ಲಿಂದ, ಸತ್ತವನೇ, ತಿನ್ನಬೇಡ. ಹುಂಜ ಹಾರಿತು. ಹುಸೇನಬಿ ಕೈಯಲ್ಲಿದ್ದ ಬಳೆ ಒಡೆದು ಎರಡಾಯಿತು.

"ಯಾ ಅಲ್ಲಾ! ವೈನಿ, ಹೊರಗ ಬರ್ರಿ, ಹುಡುಗಿಗೆ ಬಾಯಿ ಬಂತು!" ಆಕೆ ನಗುತ್ತ ಕಣ್ಣು ಒರೆಸಿಕೊಂಡಳು. "ಮಾತು ಕಲಿಯೂದಂದ್ರ ಮತ್ತೇನು? ನೀ ಹುಡುಕಿಕೊಂಡು ಹೋಗೂದು ನಿಂತು, ಅದs ಸಿಟ್ಟಿನ ಜೋಡಿ ಹೊರಗ ಬರಬೇಕು."

ನಾನು ಭೂಮಿಯ ಜಗಳಕ್ಕೆ ಯಾಕೆ ಸಕ್ಕರೆ ಹಂಚಿದೆ ಅನ್ನುವುದು ಈಗ ನಿಮಗೆ ತಿಳಿದಿರಬೇಕು.

ಸುಗ್ಗಿ ಮುಗಿದ ಮೇಲೆ ನಮ್ಮವರು ಕರೆಯಲು ಬಂದರು. ಇಂಡಿಯ ಮನೆ ತಲುಪಿದಾಗ ಹೊತ್ತು ಏರಿತ್ತು. ಹೊಸ್ತಿಲ ಶಾಸ್ತ್ರ ಮುಗಿಯಿತು, ನೆರೆಯ ಹೆಂಗಸರು ನೋಡಿ ಹೋದರು. ನನ್ನ ಕಣ್ಣು ಮೂಲೆಮೂಲೆಗೂ ಆ ಬೀಸುವ, ಚೀರುವ ಮುದುಕಿಯನ್ನು ಹುಡುಕುತ್ತಿತ್ತು. ಎಲ್ಲೂ ಕಾಣಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಒಬ್ಬ ಹರೆಯದ ಹೆಂಗಸು ಅರ್ಧ ಮರೆಯಾಗಿ ನಿಂತಿದ್ದಳು, ಹಣೆ ಬರಿದು, ಕೈ ಬರಿದು. ಯಾರಾದರೂ ಕೆಲಸದಾಕೆ ಇರಬೇಕು ಅಂದುಕೊಂಡೆ.

ಅತ್ತೆ ನನ್ನ ಸೆರಗು ಸರಿಮಾಡಲು ಹತ್ತಿರ ಬಂದಳು. ಇದೇ ಸಮಯ ಅನ್ನಿಸಿತು. ಒಂದು ವರ್ಷದ ಪ್ರೀತಿಯೆಲ್ಲ ಬಾಯಿಗೆ ಬಂತು. ಆಕೆಯ ಕಿವಿಯ ಹತ್ತಿರ ಬಗ್ಗಿ, ಮೆಲ್ಲಗೆ, ಕಲಿತ ಹಾಗೇ ಹೇಳಿದೆ.

"ತಾಯಿ, ತುಮಚಾ ಗೂಳ ಫಾರ ಗೋಡ ಹೋತಾ. ಮೀ ಆಯೀಲಾ ಸಾಂಗಣಾರ ನಾಹೀ."

ತಾಯಿ, ನಿಮ್ಮ ಬೆಲ್ಲ ಭಾಳ ಸಿಹಿ ಇತ್ತು. ನಾನು ಆಯಿಗೆ ಹೇಳುವುದಿಲ್ಲ.

ಅತ್ತೆಯ ಕೈ ನನ್ನ ಸೆರಗಿನ ಮೇಲೇ ನಿಂತಿತು. ಹುಬ್ಬು ಗಂಟಾಯಿತು. "ಕುಠಲ್ಯಾ ಆಯೀಲಾ?" ಯಾವ ಆಯಿಗೆ?

ಅದೇ ಹೊತ್ತಿಗೆ ಹೊರಗಿನಿಂದ ನಮ್ಮವರ ದನಿ ಬಂತು. "ಆಯಿ, ಗಾಡೀವಾಲ್ಯಾಲಾ ಚಹಾ ದೇ! ತಾಯಿ, ಮಲಾ ಪಾಣೀ ದೇ!" ಆಯಿ, ಗಾಡಿಯವನಿಗೆ ಚಹಾ ಕೊಡು. ತಾಯಿ, ನನಗೆ ನೀರು ಕೊಡು.

"ಹೋ," ಅಂತ ಮೊದಲ ಕೂಗಿಗೆ ಓಗೊಟ್ಟವಳು ನನ್ನ ಅತ್ತೆ. ಎರಡನೆಯದಕ್ಕೆ ತಂಬಿಗೆ ಹಿಡಿದು ಹೊರಬಂದವಳು ಆ ಬರಿಗೈಯಾಕೆ.

ನನ್ನ ಕಣ್ಣ ಮುಂದೆ ಆ ಮನೆಯ ಹೆಂಗಸರು ಒಂದೊಂದು ಮೆಟ್ಟಿಲು ಕೆಳಗಿಳಿದರು. ಆಯಿ ಅಜ್ಜಿಯಲ್ಲ, ಅವರ ಮಾತಿನಲ್ಲಿ ಅವ್ವ. ತಾಯಿ ಅವ್ವ ಅಲ್ಲ, ಅಕ್ಕ. ಮುದುಕಿ ಅಂಬುವಾಕೆ ಆ ಮನೆಯಲ್ಲಿ ಯಾವತ್ತೂ ಇರಲೇ ಇಲ್ಲ. ನನಗೆ ವರ್ಷವೆಲ್ಲ ಬೆಲ್ಲ, ಬೇವು ಕಳಿಸಿದಾಕೆ, ಗಂಡ ಸತ್ತು ತವರಿಗೆ ಬಂದ ನನ್ನ ನಾದಿನಿ. ಮದುವೆಗೆ ಬರಬಾರದೆಂದು ಆಗಿನ ಪದ್ಧತಿ ಆಕೆಯನ್ನು ಮನೆಯಲ್ಲೇ ಕೂರಿಸಿತ್ತು, ನಮ್ಮ ಮುಂದೆ ಯಾರೂ ಆಕೆಯ ಹೆಸರನ್ನೂ ಎತ್ತಿರಲಿಲ್ಲ. ಯಾರಿಗೆ ಹೇಳಬಾರದೆಂದು ಆಕೆ ತಿಂಗಳು ತಿಂಗಳೂ ಬೇಡಿಕೊಂಡಿದ್ದಳೋ, ಅವಳ ಕಿವಿಯಲ್ಲೇ ನಾನು ಹೇಳಿಬಿಟ್ಟಿದ್ದೆ.

ತಾಯಿಗೆ ಎಲ್ಲ ಕೇಳಿಸಿತ್ತು. ನೀರು ಕೊಡಲು ಹೊರಗೆ ಹೋಗದೆ ತಂಬಿಗೆ ಹಿಡಿದು ಅಲ್ಲೇ ನಿಂತಳು. ಬಳೆ ಇಡಬಾರದ ಹೆಣ್ಣು ಬಳೆಗಾರ್ತಿಯ ಜೋಡಿ ಕದ್ದು ವ್ಯವಹಾರ ಮಾಡುವುದು ಅಂದರೆ ಆ ಕಾಲದಲ್ಲಿ ಸಣ್ಣ ಮಾತಲ್ಲ.

ಅತ್ತೆ ಆಕೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಗೂಳ ಕೋಣೀ ಪಾಠವಲಾ?" ಬೆಲ್ಲ ಯಾರು ಕಳಿಸಿದ್ದು?

ನಾನು ತುಟಿ ಬಿಗಿದೆ.

"ಬೋಲ!"

ಏನು ಹೇಳಲಿ? ಬಂದ ಮಾತೇ ಮನೆ ಕೆಡಿಸಿತ್ತು. ನನಗೆ ಬರುತ್ತಿದ್ದ ಮರಾಠಿಯನ್ನೆಲ್ಲ ತಡಕಾಡಿದೆ. ಬೇವು, ಉಪ್ಪು, ಮೆಣಸಿನಕಾಯಿ, ಯಾವುದೂ ಉಪಯೋಗಕ್ಕೆ ಬರುವಂತಿರಲಿಲ್ಲ. ಕೊನೆಗೆ ಕೈಗೆ ಸಿಕ್ಕದ್ದು ಒಂದೇ.

"ಮೀ ಮುಕೀ ಆಹೇ," ಅಂದೆ. ನಾನು ಮೂಕಿ.

ಆಮೇಲೆ ತಾಯಿಯ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಸಪ್ಪಳವಾಯಿತು. ಬಿಕ್ಕಿದಳು ಅಂದುಕೊಂಡೆ. ಅಲ್ಲ, ನಗು. ಬಾಯಿಗೆ ಕೈ ಅಡ್ಡ ಹಿಡಿದರೂ ನಿಲ್ಲದ ನಗು, ತಂಬಿಗೆ ನೆಲಕ್ಕಿಟ್ಟು ಅಲ್ಲೇ ಕೂತು ನಗತೊಡಗಿದಳು. ಅತ್ತೆ ತಟಕ್ಕನೆ ಆಕೆಯ ಕಡೆ ತಿರುಗಿದಳು. ಈಗ ಹೊಡೆತ ಬಿತ್ತು ಅಂತ ನಾನು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಕಣ್ಣು ತೆಗೆದಾಗ ಅತ್ತೆ ಮಗಳನ್ನೇ ನೋಡುತ್ತ ನಿಂತಿದ್ದಳು, ಬಾಯಿ ಅರ್ಧ ತೆರೆದು, ಯಾವುದೋ ಊರಿನಿಂದ ಯಾರೋ ಬಂದರು ಅನ್ನುವ ಹಾಗೆ. ಗಂಡ ಸತ್ತ ಮೇಲೆ ತಾಯಿ ನಕ್ಕದ್ದು ಅದೇ ಮೊದಲಂತೆ.

ಆಮೇಲೆ ನನ್ನ ಕಡೆ ತಿರುಗಿದಳು. ದನಿ ಇಳಿದಿತ್ತು.

"ತುಲಾ ತೇವ್ಹಾ ಸಮಜಲಂ ಹೋತಂ?" ಅವತ್ತು, ಲಗ್ನದ ದಿನ, ನಿನಗೆ ತಿಳಿದಿತ್ತೇನು?

"ಹೋ," ಅಂದೆ. ಹೌದು.

ಆಕೆ ಮಣೆಯ ಮೇಲೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಸೆಖೆ ಅನ್ನುವವರ ಹಾಗೆ. ಬೆಲ್ಲದ ವಿಚಾರಣೆ ಮುಂದೆ ನಡೆಯಲಿಲ್ಲ. ಡಬ್ಬಿ ಯಾಕೆ ಅಷ್ಟು ಬೇಗ ಖಾಲಿ ಆಗುತ್ತಿತ್ತು ಅನ್ನುವುದು ಈಗ ತಿಳಿಯಿತು ಅಂತ ಗೋಡೆಯ ಮುಂದೆ ಗೊಣಗಿದಳು. ಏಳುವಾಗ ಇಬ್ಬರ ಕಡೆಗೂ ನೋಡದೆ, "ಉದ್ಯಾಪಾಸೂನ ದೋಘೀ ಪಾಣ್ಯಾಲಾ ಜಾ," ಅಂದಳು. ನಾಳೆಯಿಂದ ಇಬ್ಬರೂ ನೀರಿಗೆ ಹೋಗ್ರಿ. ಅಲ್ಲಿಯ ತನಕ ತಾಯಿ ಒಬ್ಬಳೇ ಹೋಗುತ್ತಿದ್ದಳಂತೆ. ನನಗೆ ಅದು ಶಿಕ್ಷೆ ಅಂತಲೇ ಅನ್ನಿಸಿತು.

ಮರುದಿನ ಬೆಳಿಗ್ಗೆ ಬಾವಿಯ ಮೆಟ್ಟಿಲಿಳಿದು ಕೊಡ ಕೆಳಗಿಟ್ಟೆವು. ನಾನು ಏನು ಹೇಳಿ ಕ್ಷಮೆ ಕೇಳಲಿ ಅಂತ ಮಾತು ಜೋಡಿಸುತ್ತಿದ್ದೆ. ತಾಯಿ ಜೋಡಿಸಲು ಬಿಡಲಿಲ್ಲ. ಮೆಟ್ಟಿಲ ಮೇಲೆ ಕೂತು, ನನ್ನನ್ನೂ ಎಳೆದು ಕೂರಿಸಿ, ಮಾತಾಡತೊಡಗಿದಳು. ಹುಸೇನಬಿ ನೀರು ಬೇಡಿ ಹಿಂಬಾಗಿಲಿಗೆ ಬಂದದ್ದು, ಆಕೆಗೆ ದನಿ ತೆಗೆಯಲು ಬರುತ್ತದೆ ಅಂತ ತಿಳಿದದ್ದು, ಒಂದೊಂದು ಪಾಠವನ್ನೂ ಒಲೆಯ ಮುಂದೆ ಕೂತು ಯೋಚಿಸಿದ್ದು. ಗಂಡನ ಸುದ್ದಿ, ಅವನು ತರುತ್ತಿದ್ದ ಶೇವಂತಿ ಹೂವಿನ ಸುದ್ದಿ. ನನಗೆ ತಿಳಿದದ್ದು ಅರ್ಧ, ತಿಳಿಯಲಾರದ್ದು ಅರ್ಧ. ಆಕೆ ನಿಲ್ಲಿಸಲಿಲ್ಲ, ನಾನು ತಡೆಯಲಿಲ್ಲ. ಒಂದು ಮಾತು ಮಾತ್ರ ಪೂರಾ ತಿಳಿಯಿತು, ಯಾಕೆಂದರೆ ಅದನ್ನು ಆಕೆ ನನಗೆ ಪಾಠ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು. "ಘರಾತ ಸಗಳೇ ಬೋಲತಾತ. ಮಾಝ್ಯಾಶೀ ಕೋಣೀ ಬೋಲತ ನಾಹೀ." ಮನೆಯಲ್ಲಿ ಎಲ್ಲರೂ ಮಾತಾಡುತ್ತಾರೆ, ನನ್ನ ಜೋಡಿ ಯಾರೂ ಮಾತಾಡುವುದಿಲ್ಲ. ಮೂರು ವರ್ಷ ಆಯಿತು. ಬರುವ ಸೊಸೆಗೂ ಮಾತು ಬರುವುದಿಲ್ಲ ಅಂತ ಕೇಳಿದ ದಿನ ಆಕೆಗೆ ಊಟ ಸೇರಲಿಲ್ಲವಂತೆ. ನಿನಗೋಸ್ಕರ ಕಲಿಸಲಿಲ್ಲ ಹುಡುಗಿ, ಅಂದಳು. ನನಗೋಸ್ಕರ ಕಲಿಸಿದೆ.

ಆಮೇಲೆ ನನ್ನ ಸರದಿ. ನಾನು ಗೊಳಸಂಗಿಯ ಹುಂಜದ ಸುದ್ದಿ ಹೇಳಿದೆ. ಮಾತು ಸಾಲದ ಕಡೆ ಎದ್ದು ನಿಂತು ಹುಂಜ ಆದೆ. ಹಾಲಿನ ಸುದ್ದಿ ಹೇಳಿದೆ. ಆಕೆ ಮೆಟ್ಟಿಲ ಮೇಲೆ ಉರುಳಾಡಿ ನಕ್ಕಳು.

ಬಿಸಿಲು ಚುರುಕಾದಾಗ ಎಚ್ಚರಾಯಿತು. ದಡಬಡ ಎದ್ದು, ಕೊಡ ಸೊಂಟಕ್ಕೇರಿಸಿ, ಓಣಿಯುದ್ದಕ್ಕೂ ಓಡುತ್ತ ಬಂದೆವು. ಬಾಗಿಲಲ್ಲಿ ಅತ್ತೆ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ನನ್ನ ಕೊಡದೊಳಗೆ ಬಗ್ಗಿ ನೋಡಿದಳು. ಆಮೇಲೆ ತಾಯಿಯ ಕೊಡದೊಳಗೆ. ಎರಡರಲ್ಲೂ ಒಂದು ಹನಿ ನೀರಿಲ್ಲ.

ಬೈಗುಳಕ್ಕೆ ಇಬ್ಬರೂ ತಲೆ ತಗ್ಗಿಸಿದೆವು. ಅತ್ತೆ ನಮ್ಮಿಬ್ಬರ ಮುಖವನ್ನೂ ಒಂದು ಗಳಿಗೆ ನೋಡಿ, ಬಾಗಿಲಿನಿಂದ ಸರಿಯದೆ ಹೇಳಿದಳು.

"ಪರತ ಜಾ. ದೋಘೀ." ಮತ್ತೆ ಹೋಗ್ರಿ. ಇಬ್ಬರೂ.